ರುಕ್ಮಿಣಿ ಮಿಸ್ ಸೀಳಿದ ದಾಸವಾಳ

ನಮ್ಮ ತಲೆಯಲ್ಲಿದ್ದ ಹೂವನ್ನು ಕಿತ್ತುಕೊಳ್ಳಲು ರುಕ್ಮಿಣಿ ಮಿಸ್‌ಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹುಟ್ಟುಹಬ್ಬವೆಂದು ಗುಲಾಬಿ ಮುಡಿದು ಬಂದವಳ ಜಡೆಗೇ ಕೈಹಾಕಿ, ಹೂವನ್ನು ಮೇಜಿನ ಮೇಲಿಟ್ಟು, ಪೆನ್ಸಿಲ್ ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದು ಉದ್ದಕ್ಕೆ ಸೀಳಿಬಿಡುತ್ತಿದ್ದರು. ಹುಡುಗಿ ಅತ್ತರೆ, "ಅಳು, ಅಳು. ಹೂ ಇರೋದು ಬರೀ ಮುಡಿಯೋಕಾ? ಒಳಗೆ ಏನಿದೆ ಪಾರು," ಎನ್ನುತ್ತಿದ್ದರು. ಪಾರು ಅಂದರೆ ತಮಿಳಿನಲ್ಲಿ ನೋಡು.

ತೊಂಬತ್ತರ ದಶಕದ ಕೊನೆ. ಅಪ್ಪನಿಗೆ ಮದ್ರಾಸಿನ ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಕೆಲಸವಾಗಿ ನಾವು ಮೈಸೂರಿನಿಂದ ಬಂದ ಹೊಸತು. ನಾನು ಮೂರನೇ ಕ್ಲಾಸು. ಮಿಸ್ ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡದವರು. ಕ್ಲಾಸಿಗೆಲ್ಲ ಇಂಗ್ಲಿಷು, ತಮಿಳು. ನನ್ನನ್ನು ಬೈಯುವುದಕ್ಕೆ ಮಾತ್ರ ಕನ್ನಡ. "ನೀನು ಸೆಪಲ್ ಕಣೇ ವಸುಧಾ," ಎನ್ನುವರು. ಸೆಪಲ್ ಅಂದರೆ ಮೊಗ್ಗನ್ನು ಮುಚ್ಚಿಕೊಂಡಿರುವ ಹಸಿರು ಎಲೆ. "ಹೂ ಅರಳಿದ ಮೇಲೆ ನಿನ್ನನ್ನ ಯಾರು ನೋಡ್ತಾರೆ?"

ಅಬ್ಬಾ, ಆ ನಾಲಿಗೆ! ಆದರೂ ಹೇಳಲೇಬೇಕು, ಅಷ್ಟು ಚೆನ್ನಾಗಿ ಕಲಿಸಿದವರನ್ನು ನಾನು ಆಮೇಲೆ ಕಾಣಲಿಲ್ಲ. ಹೂವಿನ ಅಂಡಾಶಯದೊಳಗಿನ ಪುಟ್ಟ ಕಾಳುಗಳನ್ನು ಉಗುರಿನ ತುದಿಯಲ್ಲಿ ಎತ್ತಿ, ಒಬ್ಬೊಬ್ಬರ ಕಣ್ಣಿನ ಹತ್ತಿರ ಹಿಡಿಯುತ್ತಿದ್ದರು. ಆಗ ನಮಗಿಂತ ಅವರಿಗೇ ಹೆಚ್ಚು ಖುಷಿ.

ಅವರ ಮುದ್ದಿನ ಶಿಷ್ಯೆ ಸೆಲ್ವಿ. ಅವಳಮ್ಮ ಶಾಲೆಯ ಗೇಟಿನ ಪಕ್ಕ ಹೂ ಮಾರುತ್ತಿದ್ದಳು. ವಾರ್ಷಿಕೋತ್ಸವಕ್ಕೆ, ಎಲ್ಲರ ಅಪ್ಪ ಅಮ್ಮಂದಿರ ಎದುರು ಸ್ಟೇಜಿನ ಮೇಲೆ ಹೂ ಬಿಡಿಸಿ ಭಾಗಗಳ ಹೆಸರು ಹೇಳಲು ಮಿಸ್ ಅವಳನ್ನೇ ಆರಿಸಿದರು. ನನಗೆ ಊಟ ಸೇರದಷ್ಟು ಹೊಟ್ಟೆಕಿಚ್ಚು.

ಹಿಂದಿನ ದಿನದ ಅಭ್ಯಾಸಕ್ಕೆ ದಾಸವಾಳ ತಂದವಳು ನಾನು. ನಮ್ಮ ಮನೆಯ ಕುಂಡದ್ದು, ಎಸಳಿನ ಮೇಲೆ ಎಸಳು ಒತ್ತಿಕೊಂಡ ದಪ್ಪ ಹೂ. ಮಿಸ್ ಅದನ್ನು ಸರಿಯಾಗಿ ನೋಡದೆ ಸೀಳಿ, "ಸ್ಟೇಮನ್ ತೋರಿಸು," ಎಂದರು. ಸ್ಟೇಮನ್ ಅಂದರೆ ಕೇಸರ. ಸೆಲ್ವಿ ಕೆದಕಿ ಕೆದಕಿ ನೋಡಿದಳು.

"ಇಲ್ಲ ಮಿಸ್. ಇದು ಅಡುಕ್ಕು ಪೂ."

ಅಂಥ ಪದರು ಪದರಿನ ಹೂವಿನಲ್ಲಿ ಕೇಸರವೆಲ್ಲ ಎಸಳೇ ಆಗಿಬಿಟ್ಟಿರುತ್ತದೆ. ಹೂ ಕಟ್ಟುವವಳ ಮಗಳಿಗೆ ಅದು ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಿಸ್ ಮುಖ ಕೆಂಪಾಯಿತು.

"ವಸುಧಾ, ನೀನು ಬಾ. ಇದೆಯಾ, ಇಲ್ವಾ?"

ಬಗ್ಗಿ ನೋಡಿದೆ. ಇರಲಿಲ್ಲ. "ಇದೆ ಮಿಸ್," ಎಂದು ಮುದುರಿದ ಎಸಳೊಂದರ ತುದಿಗೆ ಬೆರಳಿಟ್ಟೆ.

ಮಿಸ್ ಸೆಲ್ವಿಯನ್ನು ತಮಿಳಿನಲ್ಲೇ ಗದರಿ ಹೊರಗಟ್ಟಿದರು: ಹೋಗು, ನಿಮ್ಮಮ್ಮನ ಪಕ್ಕ ಕೂತು ಹೂ ಕಟ್ಟು, ನಿನಗೆ ಅದೇ ಸರಿ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಅಳುತ್ತ ಬಂದ ಮಗಳನ್ನು ಅವಳಮ್ಮ ಏನೂ ಕೇಳಲಿಲ್ಲ. ಬೆನ್ನಿಗೆ ಎರಡು ಬಾರಿಸಿ, ಎಳೆದುಕೊಂಡು ಬಂದು ಮಿಸ್ ಕಾಲಿಗೆ ಬೀಳಿಸಿದಳು. ಮಿಸ್ ಮಾತ್ರ ಕರಗಲಿಲ್ಲ. ಸ್ಟೇಜು ನನ್ನದಾಯಿತು, ಚಪ್ಪಾಳೆಯೂ ನನ್ನದೇ. ಮುಂದಿನ ವರ್ಷ ಸೆಲ್ವಿ ಕ್ಲಾಸಿಗೆ ಬರಲಿಲ್ಲ. ಗೇಟಿನ ಪಕ್ಕ ಅಮ್ಮನ ಜೊತೆ ಕೂತಿರುತ್ತಿದ್ದಳು; ನಾನು ಆ ಕಡೆ ನೋಡದೆ ಒಳಗೆ ಓಡುತ್ತಿದ್ದೆ.

ಹತ್ತು ವರ್ಷದ ಮೇಲೆ ಪಲ್ಲಾವರಂ ಸಂತೆಯಲ್ಲಿ ಮಿಸ್ ಸಿಕ್ಕರು. ಸಸಿ ಮಾರುವವನ ಎದುರು ಕುಕ್ಕರಗಾಲಿನಲ್ಲಿ ಕೂತು ಬೇರು ನೋಡುತ್ತಿದ್ದರು. ಅವರನ್ನು ನೋಡಿದ್ದು ಅದೇ ಕೊನೆ. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಧೈರ್ಯ ಮಾಡಿ, "ಮಿಸ್, ಅವತ್ತು ಸೆಲ್ವಿ ಹೇಳಿದ್ದೇ ಸರಿ. ಆ ದಾಸವಾಳದಲ್ಲಿ ಕೇಸರ ಇರ್ಲಿಲ್ಲ," ಎಂದೆ. ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಹಗುರಾಗೋಣ ಅಂತಲೇ ಎಂದೆ.

"ನನಗೂ ಗೊತ್ತಿತ್ತು ಕಣೇ," ಎಂದರು, ಸಸಿಯಿಂದ ಕಣ್ಣು ತೆಗೆಯದೆ. "ಅವಳು ಹೇಳಿದ ಕೂಡ್ಲೇ ತೆರಿಞ್ಚುಬಿಡ್ತು, ಗೊತ್ತಾಗಿಬಿಡ್ತು. ಅಷ್ಟು ಮಕ್ಕಳ ಮುಂದೆ ಸೋಲೋಕೆ ಮನಸ್ಸು ಬರ್ಲಿಲ್ಲ. ಪಾಪ ನಂದೇ, ಇಲ್ಲ ಅನ್ನಲ್ಲ."

ಆಮೇಲೆ ನನ್ನ ಮುಖ ನೋಡಿದರು.

"ಬೇರೆ ಯಾರನ್ನ ಕರೆದಿದ್ರೂ ಇಲ್ಲ ಅಂದಿರೋರು. ನೀನು ಇದೆ ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ನಿನ್ನನ್ನ ಕರೆದೆ."