ಏರಿಯ ಮೇಲಿನ ಕುರಿಗಳು

ನಮ್ಮೂರ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವುದೆಂದರೆ ಅರ್ಧ ನಿದ್ದೆಯಲ್ಲಿ ನಡೆದ ಹಾಗೆ. ನೀರಿನ ಮೇಲಿನ ಮಂಜು ಎದ್ದು ಹಾದಿಗೆ ಬರುತ್ತದೆ. ಮುಂದೆ ಹೋಗುವವರ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಬೈದುಕೊಂಡೇ ಶುರು ಮಾಡಿದವನು ನಾನು. ಈಗ ಒಂದು ದಿನ ತಪ್ಪಿದರೆ ಅವತ್ತು ಬೆಳಗೇ ಆಗಲಿಲ್ಲ ಎನ್ನಿಸುತ್ತದೆ.

ಪಂಚಾಯಿತಿಯವರು ಏರಿಯ ಮೇಲೆ ಫರ್ಸಿ ಕಲ್ಲು ಹಾಸಿ ತಿರುಗಾಡುವ ಹಾದಿ ಮಾಡಿದರು. ಪಕ್ಕಕ್ಕೆ ಎದೆಯೆತ್ತರದ ಗೋಡೆ ಕಟ್ಟಿಸಿದರು. ಅಷ್ಟುದ್ದದ ಬೋಳು ಗೋಡೆ ನೋಡಿ ನೋಡಿ ಬೇಸರವಾಗಿ, ಊರವರೇ ಚಿತ್ರ ಬರೆಯೋಣ, ಮನೆಗೊಂದು ತುಂಡು ಗೋಡೆ ಎಂದು ಮಾತಾಯಿತು. ನಾನು ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು, ಮೇಲೆ ಮರಾಠಿ, ಕೆಳಗೆ ಕನ್ನಡ. ಹಾಗಾಗಿ ಯಾರೂ ಕೇಳದಿದ್ದರೂ ಎಲ್ಲರ ಬ್ರಶ್ಶಿಗೂ ಯಜಮಾನನಾದೆ. ಹೆಂಗಸರು ರಂಗೋಲಿ ಬರೆದರು. ಶಾಲೆಯ ಮಕ್ಕಳು ಬಾವುಟ ಬರೆದರು, ನವಿಲು ಬರೆದರು. ಕಿರಾಣಿ ಅಂಗಡಿಯವರು ಒಂದು ತಕ್ಕಡಿ ಬರೆದರು. ನಿಮ್ಮ ತಕ್ಕಡಿ ಸಮನಾಗಿ ನಿಂತದ್ದನ್ನು ಇಲ್ಲೇ ಮೊದಲ ಸಲ ನೋಡಿದೆವು ಎಂದು ನಾನಂದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಖಾಲಿ ಉಳಿದದ್ದು ನಮ್ಮ ಎದುರುಮನೆಯ ಕಾಕಾನ ಪಾಲಿನ ಗೋಡೆ. ಅವರು ಹುಟ್ಟಿನಿಂದ ಕುರಿ ಕಾಯ್ದವರು. ಮೊಣಕಾಲು ಕೈಕೊಟ್ಟವೆಂದು ಆ ಬೇಸಿಗೆಯಲ್ಲಿ ಇಡೀ ಹಿಂಡನ್ನು ಹತ್ತಿರದ ವಳಸಂಗ ಎಂಬ ಊರಿನವರೊಬ್ಬರಿಗೆ ಮಾರಿದ್ದರು. ಅಂದಿನಿಂದ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಬೇರೆಯವರ ಹಿಂಡು ಓಣಿಯಲ್ಲಿ ಹಾದುಹೋಗುವ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಏನು ಬರೆಯೋಣ ಎಂದು ಕೇಳಿದೆ.

"ನನ್ನ ಕುರಿ ಬರೀರಿ. ಒಮ್ಮಿ ನೋಡಬೇಕಾಗೇದ ಅವನ್ನ."

"ವಳಸಂಗ ಏನ್ ದೂರ ಅದ ಕಾಕಾ? ಗಾಡಿ ಮ್ಯಾಲ ಕರ್ಕೊಂಡು ಹೋಗ್ತೀನಿ, ಬರ್ರಿ."

"ಬ್ಯಾಡ್ರಿ ಪೇಂಟರ್ರ. ನಾ ಹೋದ್ರ ಅವು ನನ್ನ ಹಿಂದ ಬರ್ತಾವು. ಕೊಂಡವರಿಗಿ ತ್ರಾಸ ಆಗ್ತದ."

ಒಂದು ವಾರ ಅವರ ಕಟ್ಟೆಯ ಮೇಲೆ ಬರೆಯುವ ವಹಿ ಹಿಡಿದು ಕೂತೆ. ಅವರು ಒಂದೊಂದನ್ನೇ ಕಣ್ಣು ಮುಚ್ಚಿ ಹೇಳುತ್ತಿದ್ದರು. ಇದರ ಕಿವಿ ಹರಿದಿದೆ, ಇದು ಯಾವಾಗಲೂ ಹಿಂದೆ ಉಳಿಯುವುದು, ಇದಕ್ಕೆ ಗಿಳಿಮೂಗು, ಇದು ಕೆಮ್ಮುವುದು. ಕೆಮ್ಮನ್ನು ಹೇಗೆ ಬರೆಯಲಿ ಎಂದರೆ, "ಅದು ಬ್ಯಾರೆ ಥರಾ ನಿಂದರ್ತದ್ರಿ, ನೋಡಿದ್ರ ಗೊತ್ತಾಗ್ತದ" ಅಂದರು. ನೋಡದೆ ಬರೆದರೆ ಅವರಿಗೆ ಮೋಸವಾದೀತೆಂದು, ಅವರಿಗೆ ಹೇಳದೆ ಒಬ್ಬನೇ ವಳಸಂಗಕ್ಕೆ ಹೋದೆ. ಕುರಿ ಕೂಡುವ ದಡ್ಡಿಯ ಬೇಲಿಗೆ ಆತು ನಿಂತು ಇಡೀ ಮಧ್ಯಾಹ್ನ ಆ ಕುರಿಗಳನ್ನು ನೋಡಿದೆ. ಕೆಮ್ಮುವ ಕುರಿ ನಿಜಕ್ಕೂ ಬೇರೆ ಥರ ನಿಲ್ಲುತ್ತಿತ್ತು.

ಆಮೇಲಿನ ನಾಲ್ಕು ದಿನ ನನಗೆ ನೆಲದ ಮೇಲಿದ್ದ ನೆನಪಿಲ್ಲ. ಬೋರ್ಡು ಬರೆಯುವಾಗ ಅಕ್ಷರದ ಅಂಚು ನೆಟ್ಟಗಿದ್ದರೆ ಸಾಕು. ಇಲ್ಲಿ ಕಣ್ಣು ಬರೆದ ಕೂಡಲೇ ಕುರಿ ನನ್ನನ್ನು ನೋಡುತ್ತಿತ್ತು. ಐದನೆಯ ಬೆಳಿಗ್ಗೆ ಹೋದಾಗ ಮಂಜು ಗೋಡೆಯ ಬುಡವನ್ನೆಲ್ಲ ಮುಚ್ಚಿತ್ತು. ನಾನು ನಡೆದರೆ ಅವೂ ನಡೆದಂತೆ, ನಿಂತರೆ ಅವೂ ನಿಂತಂತೆ ಕಂಡಿತು. ಅಷ್ಟು ಸಂತೋಷ ನನಗೆ ನನ್ನ ಕೈಯಿಂದ ಎಂದೂ ಸಿಕ್ಕಿರಲಿಲ್ಲ. ಓಡಿಹೋಗಿ ಕಾಕಾನನ್ನು ಎಬ್ಬಿಸಿದೆ.

ಕೋಲೂರಿಕೊಂಡು ಮೆಲ್ಲಗೆ ಬಂದರು. ಮೊದಲ ಕುರಿಯ ಮುಖದ ಹತ್ತಿರ ಮುಖ ಇಟ್ಟು, "ಬಂದ್ಯಾ" ಅಂದರು. ಎರಡನೆಯದರ ಹರಿದ ಕಿವಿಯನ್ನು ಬೆರಳಿಂದ ಸವರಿದರು. ಅಷ್ಟರಲ್ಲಿ ಮಂಜು ಸರಿಯಿತು. ಅವರ ಬೆರಳು ಕುರಿಯ ಬೆನ್ನ ಮೇಲೆ ಹಿಂದಕ್ಕೆ ಹೋಗಿ ಸೊಂಟದ ಹತ್ತಿರ ನಿಂತಿತು. ಅಲ್ಲಿ ನೀಲಿ ಬಣ್ಣದ ಗುರುತಿತ್ತು.

"ಚಲೋ ಬರದೀರಿ," ಅಂದರು. "ಖರೆ, ಇವು ವಳಸಂಗದವು."

ನಮ್ಮ ಕಡೆ ಕುರಿ ಸಾಕುವ ಪ್ರತಿ ಮನೆಗೂ ಒಂದು ಬಣ್ಣ, ಅದನ್ನು ಹಚ್ಚಲು ಒಂದು ಜಾಗ. ಹಿಂಡುಗಳು ಬೆರೆತಾಗ ಅದೇ ಸಾಕ್ಷಿ. ಕಾಕಾನ ಮನೆಯದು ಕುತ್ತಿಗೆಯ ಹಿಂದೆ ಒಂದು ಕೆಂಪು ಗೆರೆ. ಮಾರುವಾಗ ಮಾರಿದವನೇ ತನ್ನ ಬಣ್ಣ ಹತ್ತಿದ ಕೂದಲನ್ನು ಕತ್ತರಿಸಿ ಕೊಡಬೇಕು, ಆಮೇಲೆ ಕೊಂಡವನು ತನ್ನದನ್ನು ಹಚ್ಚುತ್ತಾನೆ. ಕಾಕಾ ತಮ್ಮ ಕೈಯಾರೆ ಒಂದೊಂದರ ಕೆಂಪನ್ನೂ ಕತ್ತರಿಸಿದ್ದರು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ, ಇದೇ ಊರಲ್ಲಿ ಹುಟ್ಟಿದವನು. ಆದರೆ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಕಂಡದ್ದನ್ನು ತಪ್ಪಿದ್ದರೂ ಹಾಗೇ ಬೋರ್ಡಿಗೆ ಇಳಿಸಿದ ಕೈ ಇದು. ದಡ್ಡಿಯಲ್ಲಿ ಕಂಡ ನೀಲಿಯನ್ನು ಹಾಗೇ ಗೋಡೆಗೆ ಇಳಿಸಿತ್ತು. ಮುದುಕನಿಗೆ ಅವನ ಕುರಿ ತೋರಿಸುತ್ತೇನೆಂದು ಹೋಗಿ, ಕುರಿ ಕೈಬಿಟ್ಟ ದಿನವನ್ನೇ ತೋರಿಸಿದ್ದೆ.

"ಈಗಽ ಕೆಂಪು ಹಚ್ಚತೀನಿ ಕಾಕಾ, ಕುಂದ್ರಿ," ಅಂದೆ.

"ಒಬ್ಬರ ಬಣ್ಣದ ಮ್ಯಾಲ ಇನ್ನೊಬ್ಬರ ಬಣ್ಣ ಹಚ್ಚೂದು ಕಳ್ಳರ ಕೆಲಸ್ರಿ," ಅಂದವರೇ ಮನೆಯ ಕಡೆ ತಿರುಗಿದರು.

ಎಂಟು ದಿನ ಆ ಗೋಡೆಯ ಹತ್ತಿರ ಬಂದಾಗ ನಾನು ಮುಖ ನೀರಿನ ಕಡೆ ತಿರುಗಿಸಿ ನಡೆದೆ. ಉಳಿದವರೆಲ್ಲ ಕುರಿ ಭಾಳ ಚೆನ್ನಾಗಿವೆ ಎನ್ನುತ್ತಿದ್ದರು, ಅವರ ಮೇಲೆ ಸಿಟ್ಟು ಬರುತ್ತಿತ್ತು. ನನ್ನ ಮೇಲೆ ಬಂದ ಸಿಟ್ಟು ಅದು. ಕೊನೆಗೆ ಎಲ್ಲವನ್ನೂ ಅಳಿಸಿಬಿಡುವುದೇ ಸರಿ ಎಂದು ಬಣ್ಣದ ಚೀಲ ತುಂಬಿಕೊಂಡು ಕಾಕಾನ ಹತ್ತಿರ ಹೋಗಿ ಒಪ್ಪಿಗೆ ಕೇಳಿದೆ. ಅವರು ಕೋಲು ತೆಗೆದುಕೊಂಡು ನನ್ನ ಜೊತೆ ಏರಿಗೆ ಬಂದರು.

ಅವತ್ತೂ ಮಂಜು ಇತ್ತು. ಕಾಕಾ ಗೋಡೆಗೆ ಕೈ ತಾಗಿಸಿಕೊಂಡೇ ನಡೆದರು. ಕೆಮ್ಮುವ ಕುರಿಯ ಮುಂದೆ ನಿಂತು ಸ್ವಲ್ಪ ನಕ್ಕರು.

"ಅಳಸಬ್ಯಾಡ್ರಿ. ಒಮ್ಮಿ ಬಿಟ್ಟು ಕೊಟ್ಟೀನಿ. ಎರಡನೇ ಸಲಾ ಆಗೂದಿಲ್ಲ ನನ್ನ ಕೈಲಿಂದ."

ಹಾಗೇ ಮುಂದೆ ಹೋಗಿ ಗೋಡೆಯ ಕಡೆಯ ತುದಿಯಲ್ಲಿ ನಿಂತರು. ಅಲ್ಲಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಿಂತ ಒಂದು ಮರಿಯಿತ್ತು. ಅದರ ಬೆನ್ನು ಬರೀ ಬಿಳಿ.

"ಇದು ಯಾರದು?"

"ಯಾರದೂ ಅಲ್ಲ ಕಾಕಾ. ಅಷ್ಟು ಜಾಗಾ ಖಾಲಿ ಉಳದಿತ್ತು, ಮನಸಿಗಿ ಬಂದಂಗ ಬರದೆ."

"ವಳಸಂಗದಾಗ ಇದು ಇಲ್ಲ?"

"ಇಲ್ಲ."

ಬಹಳ ಹೊತ್ತು ಅದನ್ನೇ ನೋಡಿದರು. ನೀರಿನ ಆಚೆ ದಂಡೆಯಲ್ಲಿ ಯಾರೋ ಮೋಟರು ಚಾಲೂ ಮಾಡಿದರು.

"ಹಂಗಾರ ಇದನ್ನ ನಾ ಮಾರಿಲ್ಲ," ಅಂದರು. "ಕೆಂಪು ಅದ ಏನ್ರಿ ಚೀಲದಾಗ?"

ಡಬ್ಬಿ ತೆರೆದು ಹಿಡಿದೆ. ಬ್ರಶ್ಶು ಕೊಡಲು ಹೋದರೆ ಬೇಡವೆಂದರು. ಕೋಲನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳು ಅದ್ದಿ, ಮರಿಯ ಕುತ್ತಿಗೆಯ ಹಿಂದೆ ಒಂದು ಗೆರೆ ಎಳೆದರು. ಎಳೆದ ಮೇಲೂ ಅಲ್ಲಿಂದ ಕದಲಲಿಲ್ಲ. ಎಡಗೈಯನ್ನು ಮರಿಗೂ ಅದರ ತಾಯಿಗೂ ನಡುವೆ ಗೋಡೆಯ ಮೇಲೆ ಇಟ್ಟು ನಿಂತರು.

"ಮನಿಗಿ ಹೋಗೂಣೇನ್ರಿ ಕಾಕಾ? ಕಾಲು ನೋಯ್ತಾವು."

"ಹಸೀ ಅದರಿ ಇನ್ನಾ. ಒಣಗೂತನಕ ಮರೀನ ಹಿಡದಿರಬೇಕು. ಬಿಟ್ರ ಅವ್ವನ ಮೈಗಿ ತಿಕ್ಕಿ ಅಳಸ್ಕೊಂತದ."

ನಾನೂ ಅವರ ಕೋಲು ಹಿಡಿದುಕೊಂಡು, ಬಣ್ಣ ಒಣಗುವವರೆಗೆ ಅಲ್ಲೇ ನಿಂತೆ.