ಪುಣೆಯಿಂದ ದಿಲ್ಲಿಗೆ ಎರಡೇ ತಾಸು

ಪುಣೆಯ ಕೊಂಢವಾ ಬಡಾವಣೆಯ ಶಿವಕಾಂತಾ ಒಬ್ಬಳೇ ಮಗಳು ದೀಪಾಲಿಯನ್ನು ದಿಲ್ಲಿಗೆ ಕೊಡಲು ಸುತರಾಂ ಒಪ್ಪಿರಲಿಲ್ಲ. ಒಪ್ಪಿಸಿದವನು ಗಂಡ ಮನೋಹರ. ಇಂಡಿಯಿಂದ ಪುಣೆಗೆ ಬಂದು ಲಾರಿ ಆಫೀಸಿನಲ್ಲಿ ಗುಮಾಸ್ತನಾದ ಈ ಪುಣ್ಯಾತ್ಮನಿಗೆ ಊರೂರಿನ ದೂರ ಬಾಯಿಪಾಠ.

"ಸಾವಿರದೈನೂರು ಕಿಲೋಮೀಟರ್ ಅಂತ ಯಾಕ ಅಂಜತಿ? ವಿಮಾನದಾಗ ಎರಡೇ ತಾಸು. ನಮ್ಮ ಇಂಡಿಗೆ ಹೋಗಾಕ ಇದಕ್ಕಿಂತ ಜಾಸ್ತಿ ಹಿಡಿತದ" ಎಂದ. ತಾನಂತೂ ಜನ್ಮದಲ್ಲಿ ವಿಮಾನ ಹತ್ತಿದವನಲ್ಲ!

ಮದುವೆಯಾಯಿತು. ಆಮೇಲೆ ದೀಪಾಲಿ ತವರಿಗೆ ಬಂದದ್ದು ಒಂದೇ ಸಲ, ಅದೂ ರೈಲಿನಲ್ಲಿ. ವಿಮಾನವೆಂದರೆ ಅಳಿಯನ ಸಂಬಳಕ್ಕೆ ನಿಲುಕುವ ಮಾತೇ? ಶಿವಕಾಂತಾ ಒಲೆ ಮುಂದೆ ಕೂತರೂ ಮಗಳು, ಬಟ್ಟೆ ಒಗೆದರೂ ಮಗಳು ಎಂದು ನೆನೆದು ನೆನೆದು ಸೋತಳು. ಕಡೆಗೆ ಅಳುವುದಕ್ಕೂ ಬೇಸರ ಬಂತು.

ತೊಂಬತ್ತೇಳನೇ ಇಸವಿಯಲ್ಲಿ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು, ಆ ಹೊತ್ತಿಗೆ ಮಗಳ ಕೈ ತನ್ನ ಕೈಯಲ್ಲಿರಬೇಕು. ಶಿವಕಾಂತಾಳಿಗೆ ಇದ್ದದ್ದು ಇದೊಂದೇ ಆಸೆ. ಏಳನೇ ತಿಂಗಳಲ್ಲೇ ಕರೆತರೋಣ ಎಂದಳು. ದಿಲ್ಲಿಯ ಬೀಗತಿ ಮಾತ್ರ ಒಂಬತ್ತನೇ ತಿಂಗಳಲ್ಲಿ ಕುಬಸದ ಶಾಸ್ತ್ರ ಮುಗಿಸಿಯೇ ಬಸುರಿಯನ್ನು ಕಳಿಸುವುದು ಎಂದು ಹಟ ಹಿಡಿದಳು.

"ತುಂಬಿದ ಬಸುರಿ ಅಷ್ಟು ದೂರದಿಂದ ಹೆಂಗ ಬರ್ತಾಳ್ರಿ?" ಎಂದು ಶಿವಕಾಂತಾ ಬಡಿದುಕೊಂಡಳು.

"ಎರಡು ತಾಸಿನ ದಾರಿಗೆ ಎಷ್ಟ ತಲಿ ತಿಂತಿ! ವಿಮಾನದ ಟಿಕೀಟು ನಾನೇ ತಗಸ್ತೀನಿ" ಎಂದು ಮನೋಹರ ಅವಳ ಬಾಯಿ ಮುಚ್ಚಿಸಿದ.

ಗೊತ್ತುಪಡಿಸಿದ ದಿನ ಇಬ್ಬರೂ ಪುಣೆಯ ಲೋಹಗಾಂವ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತರು. ವಿಮಾನ ಇಳಿಯಿತು. ಜನ ಬಂದರು, ಹೋದರು. ದೀಪಾಲಿ ಬರಲೇ ಇಲ್ಲ. ಎಸ್‌ಟಿಡಿ ಬೂತಿಗೆ ಓಡಿ ದಿಲ್ಲಿಗೆ ಫೋನು ಮಾಡಿದರೆ, ಬಟ್ಟೆಬರೆ ಒಯ್ಯಲು ಮನೆಗೆ ಬಂದಿದ್ದ ಅಳಿಯ ಸಿಕ್ಕ. ದಿನ ತುಂಬಿದ ಬಸುರಿಯನ್ನು ವಿಮಾನ ಹತ್ತಿಸುವುದಿಲ್ಲ, ಅದು ಕಾನೂನು ಎಂದು ದಿಲ್ಲಿಯ ವಿಮಾನ ನಿಲ್ದಾಣದವರು ವಾಪಸು ಕಳಿಸಿದ್ದರು. ಮನೆಗೆ ಬಂದೊಡನೆ ನೋವು ಕಾಣಿಸಿಕೊಂಡು ಈಗ ಆಸ್ಪತ್ರೆಗೆ ಸೇರಿಸಿದ್ದರು.

"ಹಿಂಗೊಂದು ಕಾನೂನು ಅದ ಅಂತ ನನಗೇನ ಗೊತ್ತು?" ಎಂದ ಮನೋಹರ.

ಶಿವಕಾಂತಾಳಿಗೆ ಜಗಳಕ್ಕೂ ತ್ರಾಣವಿರಲಿಲ್ಲ. ಮರುದಿನದ ವಿಮಾನದಲ್ಲಿ ಜಾಗವಿರಲಿಲ್ಲ. ಅಂದೇ ಸಂಜೆ ದಿಲ್ಲಿ ಕಡೆ ಹೋಗುವ ಝೇಲಂ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಗೆ ಇಬ್ಬರೂ ಹತ್ತಿದರು. ಕಾಲು ಚಾಚಲು ಜಾಗವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಇಟಾರ್ಸಿಯಲ್ಲಿ ಬೆಳಗಾಯಿತು.

"ಇನ್ನೂ ಎಷ್ಟ ದೂರ ಅದರಿ?"

"ಅರ್ಧ ಆಗ್ಯದ" ಎಂದ ಮನೋಹರ, ಹೆಂಡತಿಯ ಮುಖ ನೋಡದೆ.

ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು. ಮಧ್ಯಾಹ್ನವೇ ಹೆಣ್ಣು ಕೂಸು ಹುಟ್ಟಿತ್ತು. ಬೀಗತಿ ಅದನ್ನು ಒರೆಸಿ, ಬಟ್ಟೆ ಸುತ್ತಿ ಮಲಗಿಸಿದ್ದಳು. ತಾಯಿ, ಕೂಸು ಇಬ್ಬರೂ ಸುಖವಾಗಿದ್ದಾರೆ, ದೇವರು ದೊಡ್ಡವನು ಎಂದು ಶಿವಕಾಂತಾ ಕೈಮುಗಿದಳು.

ದೀಪಾಲಿ ಕಣ್ಣು ಬಿಟ್ಟಳು. "ರಾತ್ರಿಯೆಲ್ಲಾ ನಿನ್ನ ಭಾಳ ಕರದೆ, ಅವ್ವಾ."

ಶಿವಕಾಂತಾ ಮಗಳ ಹಣೆಯ ಮೇಲೆ ಕೈ ಇಟ್ಟಳು.

"ಭಾಳ ದೂರ ಇದ್ದೆನವ್ವ" ಎಂದಳು. "ಕೇಳಸಲಿಲ್ಲ."