ಹನಮವ್ವ ತಂದ ಕಲ್ಲುಗಳು

ಹನಮವ್ವ ತಂದ ಕಲ್ಲುಗಳು ನಿಜವಾದವು ಎಂದು ನನಗೆ ತಿಳಿದಿತ್ತು. ತಿಳಿದ ಮೇಲೂ ಒಂಬತ್ತು ವರ್ಷ ಬಾಯಿ ಬಿಡಲಿಲ್ಲ. ಅವಳನ್ನು ಮೋಸಗಾರ್ತಿ ಎಂದು ಬರೆದವನು ನಾನೇ.

ಆಗ ನಾನು ಬಾದಾಮಿ ತಾಲ್ಲೂಕಿನಲ್ಲಿ ಪ್ರಾಚೀನ ನೆಲೆಗಳ ಸಮೀಕ್ಷೆ ಮಾಡುತ್ತಿದ್ದೆ. ಊರೂರು ತಿರುಗಿ, ಹಿಂದಿನ ಮನುಷ್ಯರ ಗುರುತು ಕಂಡಲ್ಲಿ ಫಾರ್ಮು ತುಂಬಿ ಮೇಲಿನ ಕಚೇರಿಗೆ ಕಳಿಸುವ ಕೆಲಸ. ಹೊಸ ಮೂರ್ತಿಗೆ ಮಣ್ಣು ಮೆತ್ತಿ ಹಳೆಯದೆಂದು ತೋರಿಸಿದವನೊಬ್ಬನಿಂದ ಒಮ್ಮೆ ಮೋಸಹೋಗಿದ್ದೆ. ಅಂದಿನಿಂದ ಯಾರು ಏನು ತಂದರೂ ಮೊದಲು ಅವರ ಕೈ ನೋಡುತ್ತಿದ್ದೆ, ಆಮೇಲೆ ವಸ್ತು.

ಹನಮವ್ವ ಬಂದದ್ದು ಕುಳಗೇರಿ ಕ್ರಾಸಿನ ಚಹಾದಂಗಡಿಗೆ. ಮನೆಮನೆಗೆ ಹೋಗಿ, ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಕೊರೆದು ಮತ್ತೆ ಒರಟು ಮಾಡಿಕೊಡುವ ಹೆಂಗಸು. ಬೆರಳ ತುಂಬ ಹಳೆಯ ಗಾಯ. ಸೆರಗಿನಿಂದ ನಾಲ್ಕು ಬೆಣಚುಕಲ್ಲು ತೆಗೆದು ನನ್ನ ಮುಂದಿಟ್ಟಳು.

“ಸಾಹೇಬ್ರ, ಇವನ್ನ ಯಾರೋ ಹೊಡದಾರ್ರಿ. ನೀರಾಗ ಉರುಳಿದ ಕಲ್ಲು ಹಿಂಗ ಒಡಿಯಂಗಿಲ್ಲ. ಈ ಕಡಿ ಒಂದ ಏಟು, ಹೊಳ್ಳಿಸಿ ಆ ಕಡಿ ಒಂದ ಏಟು. ನಮ್ಮೂರ ಹಳ್ಳದ ದಂಡ್ಯಾಗ ಭಾಳ ಅದಾವ. ರಸ್ತಾಕ್ಕ ಗರಸು ತಗಿಯಾಕ ಅಲ್ಲಿ ಮಷೀನ್ ಬರ್ತೈತಂತ. ಲಗೂನ ಬಂದು ನೋಡ್ರಿ.”

ಅವು ಕೈಗೊಡಲಿಗಳು. ಲೋಹವಿಲ್ಲದ, ಬೇಸಾಯವಿಲ್ಲದ, ಮಡಕೆಯೂ ಇಲ್ಲದ ಕಾಲದಲ್ಲಿ ಈ ಹೊಳೆಹಳ್ಳಗಳ ದಂಡೆಯಲ್ಲಿ ಬದುಕಿದವರ ಆಯುಧ. ಅವರು ಒಂದಕ್ಷರ ಬರೆದಿಟ್ಟಿಲ್ಲ. ಅವರನ್ನು ತಿಳಿಯಲು ನಮಗಿರುವುದು ಇಂಥ ಕಲ್ಲುಗಳು, ಮತ್ತು ಅವು ಬಿದ್ದುಕೊಂಡ ಜಾಗ — ಯಾವ ಪದರ, ಪಕ್ಕದಲ್ಲೇನು, ಚೂರುಗಳು ಎತ್ತ ಸಿಡಿದಿವೆ... ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

“ನಿನಗ ಕಲ್ಲ ಹೊಡಿಯಾಕ ಬರ್ತೈತಲ್ಲ? ಇಂಥಾದೊಂದು ಮಾಡಿ ತೋರಸು,” ಎಂದೆ.

ನಾನು ಆಸಕ್ತಿಯಿಂದ ಕೇಳಿದೆನೆಂದು ತಿಳಿದಳೇನೋ. ಖುಷಿಯಿಂದ ಕುಕ್ಕರಗಾಲಲ್ಲಿ ಕುಳಿತು, ರಸ್ತೆಬದಿಯ ಕಲ್ಲೊಂದನ್ನು ಆರಿಸಿ ನಾಲ್ಕೈದು ಏಟು ಹಾಕಿದಳು. ಹೆಚ್ಚುಕಡಿಮೆ ಅದೇ ಆಕಾರ, ಅದೇ ಅಲಗು. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು.

“ಹಂಗಾರ ಇವೂ ನೀನ ಹೊಡದದ್ದು,” ಎಂದೆ.

ಅವಳ ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಮಾತು ಅರ್ಥವಾದ ಮೇಲೆ ಹೋಯಿತು.

“ನಾ ಹೊಡದದ್ದು ಬೆಳ್ಳಗ ಕಾಣತೈತ್ರಿ. ಅವನ್ನ ನೋಡ್ರಿ, ಏಟ ಬಿದ್ದಲ್ಲೂ ಬಣ್ಣಾ ಕುಂತೈತಿ. ಯಾವ ಕಾಲದ್ದೋ ಏನೋ!”

ಕಾಲೇಜಿನಲ್ಲಿ ನಾನು ಕಲಿತ ಪಾಠವದು. ಅವಳ ಬಾಯಲ್ಲಿ ಕೇಳಿದಾಗ ಸಂಶಯ ಇನ್ನೂ ಬಲಿಯಿತು. ಇವಳಿಗೆ ಇದನ್ನು ಹೇಳಿಕೊಟ್ಟವರು ಯಾರು? ರಸ್ತೆ ಬೇಡವಾದವರು ಯಾರೋ ಕಳಿಸಿರಬೇಕು — ಅವಳ ಬೆನ್ನ ಹಿಂದೆ ಇಲ್ಲದವರನ್ನೆಲ್ಲ ನಿಲ್ಲಿಸಿಕೊಂಡೆ. ಜಾಗ ನೋಡಲು ಹೋಗಲಿಲ್ಲ. “ಇತ್ತೀಚೆಗೆ ಹೊಡೆದವು. ತಂದವಳು ಕಲ್ಲುಕೆಲಸದವಳು. ಪರಿಶೀಲನೆ ಅಗತ್ಯವಿಲ್ಲ” ಎಂದು ಬರೆದು ಕಳಿಸಿದೆ. ಚಹಾದಂಗಡಿಯಲ್ಲೂ ಅದನ್ನೇ ಎಲ್ಲರಿಗೂ ಕೇಳುವಂತೆ ಹೇಳಿದೆ. ಮಾತು ಅವಳ ಊರು ಮುಟ್ಟಿತು. ಸರಕಾರಕ್ಕೇ ಟೋಪಿ ಹಾಕಲು ಹೋದವಳು ಎಂದು ಎಷ್ಟೋ ಮನೆಗಳಲ್ಲಿ ಅವಳನ್ನು ಕೆಲಸಕ್ಕೆ ಕರೆಯುವುದು ಬಿಟ್ಟರಂತೆ.

ಎರಡು ವಾರದ ನಂತರ ಬೈಕಿನಲ್ಲಿ ಅವಳ ಊರಿನ ಕಡೆ ಹೊರಟಿದ್ದೆ. ಹಳ್ಳದಲ್ಲಿ ಮಷೀನಿನ ಸದ್ದು ಕೇಳಿ ನಿಂತೆ. ಕಡಿದ ದಂಡೆಯಲ್ಲಿ, ಆಳುದ್ದ ಮಣ್ಣಿನ ಕೆಳಗೆ, ಸುಣ್ಣ ಹಿಡಿದು ಗಟ್ಟಿಯಾದ ಗರಸುಕಲ್ಲಿನ ಪದರದಲ್ಲಿ ಕೈಗೊಡಲಿಯೊಂದು ಅರ್ಧ ಹೊರಗೆ ಕಾಣುತ್ತಿತ್ತು. ಉಗುರಿನಿಂದ ಕೆರೆದೆ. ಅಲುಗಲಿಲ್ಲ. ಹನಮವ್ವ ಮಾತ್ರವಲ್ಲ, ಬದುಕಿರುವ ಯಾರೂ ಅದನ್ನು ಅಲ್ಲಿ ಇಟ್ಟಿರಲು ಸಾಧ್ಯವಿರಲಿಲ್ಲ.

ಜೇಬಿನಲ್ಲಿ ಫೋನಿತ್ತು. ಕಚೇರಿಗೆ ಒಂದು ಮಾತು ತಿಳಿಸಿದ್ದರೆ ಬಹುಶಃ ಕೆಲಸ ನಿಲ್ಲುತ್ತಿತ್ತು. ಆದರೆ ನನ್ನ ವರದಿ — ಸ್ಥಳಕ್ಕೇ ಹೋಗದೆ ಬರೆದೆಯಾ ಎಂದು ಕೇಳಿದರೆ...

ಮಷೀನಿನವನು ಇಣುಕಿ ನೋಡಿದ. “ಏನರ ಐತೇನ್ರಿ ಸಾಹೇಬ್ರ ಅಲ್ಲೆ?”

“ಏನಿಲ್ಲ,” ಎಂದೆ. ಬೈಕು ಹತ್ತಿದೆ.

ಹೋದ ತಿಂಗಳು ಹನಮವ್ವನ ಮನೆ ಹುಡುಕಿಕೊಂಡು ಹೋದೆ. ಎಲ್ಲ ಹೇಳಿದೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಕರೆಯಲಿಲ್ಲ.

“ಈಗ್ಯಾಕ ಬಂದೀರಿ? ಮತ್ತೇನರ ಕೇಸ್ ಐತೇನು ನನ್ನ ಮ್ಯಾಲೆ?”

“ಇಲ್ಲವ್ವಾ. ನಂದು ತಪ್ಪಾತು ಅಂತ ಹೇಳಾಕ ಬಂದೆ.”

ನಂಬಲಿಲ್ಲ. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಅಂದಳು: “ನಾ ಹೇಳಿದ್ದು ಖರೆ ಅಂತ ನನಗ ಆವತ್ತ ಗೊತ್ತಿತ್ರಿ. ಅಲ್ಲಿ ಕುಂತು ಕಲ್ಲ ಹೊಡದೋರು ಯಾರು, ಎಲ್ಲಿಂದ ಬಂದಿದ್ರು, ಏನ ತಿಂತಿದ್ರು — ನಿಮಗ ಗೊತ್ತಿರತೈತಿ, ಕೇಳೂಣು ಅಂತ ಬಂದಿದ್ದೆ. ಈಗ ಹೇಳ್ತೀರೇನು?”

ಅದನ್ನು ಹೇಳಬಹುದಾಗಿದ್ದ ದಂಡೆ ಈಗ ನೀರು ನಿಂತ ಹೊಂಡ. ಸುತ್ತ ಜಾಲಿ ಬೆಳೆದಿದೆ.

ಮರುದಿನ ಆ ಫಾರ್ಮನ್ನು ಮತ್ತೆ ತುಂಬಿದೆ. ಪತ್ತೆ ಮಾಡಿದವರು: ಹನಮವ್ವ. ಈಗಿನ ಸ್ಥಿತಿ: ಉಳಿದಿಲ್ಲ. ಕಾರಣ ಎಂಬ ಸಾಲಿನ ಮುಂದೆ ನನ್ನ ಹೆಸರು ಬರೆದು, ಸಹಿ ಮಾಡಿ, ಬಾಗಲಕೋಟೆಯ ಕಚೇರಿಗೆ ಹೋಗಿ ಕೈಯಾರೆ ಕೊಟ್ಟು ಬಂದೆ.